ಊರು ಬದಲಾದರೆ ಸರದಿಯ ಕೊನೆಗೆ: ಕೋರಿಕೆ ವರ್ಗಾವಣೆ ಮತ್ತು ಸೇವಾ ಜ್ಯೇಷ್ಠತೆ

ಕೇಂದ್ರ ಹಣಕಾಸು ಸಚಿವಾಲಯದ ಹಣಕಾಸು ಸೇವೆಗಳ ಇಲಾಖೆಯು 2024ರ ನವೆಂಬರ್ ತಿಂಗಳಿನಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಒಂದು ಸಲಹಾಪತ್ರವನ್ನು ಕಳುಹಿಸಿತು. ವರ್ಗಾವಣೆಯ ನೀತಿಯು ಪಾರದರ್ಶಕವೂ ಏಕರೂಪವೂ ಆಗಿರಬೇಕು, ಮೂರನೆಯ ಶ್ರೇಣಿಯವರೆಗಿನ ಅಧಿಕಾರಿಗಳನ್ನು ಆದಷ್ಟು ಮಟ್ಟಿಗೆ ಅವರವರ ಭಾಷಾ ಪ್ರದೇಶದಲ್ಲಿಯೇ ಇರಿಸಬೇಕು, ಮಹಿಳೆಯರಿಗೆ ಸಮೀಪದ ಊರುಗಳನ್ನು ಕೊಡಬೇಕು, ವಿವಾಹ, ಅನಾರೋಗ್ಯ, ಹೆರಿಗೆ, ಶಿಶುಪಾಲನೆ ಮುಂತಾದ ಕಾರಣಗಳನ್ನು ನೀತಿಯಲ್ಲಿ ಸ್ಪಷ್ಟವಾಗಿ ಸೇರಿಸಬೇಕು ಎಂಬುದು ಅದರ ಸಾರ. ನಾಗಪುರದಲ್ಲಿರುವ ಕನ್ನಡಿಗ ಅಧಿಕಾರಿಗಳು ಇದನ್ನು ಸಂತೋಷದಿಂದಲೇ ಸ್ವಾಗತಿಸಿದರು. ಆದರೆ ಅದೇ ಶಾಖೆಗಳಲ್ಲಿ ಕೌಂಟರಿನ ಹಿಂದೆ ಕುಳಿತಿರುವ ಗುಮಾಸ್ತರಿಗೂ ಖಜಾಂಚಿಗಳಿಗೂ ಈ ಪತ್ರದಿಂದ ದೊರೆತದ್ದೇನು ಎಂಬ ಪ್ರಶ್ನೆಯನ್ನು ಯಾರೂ ಎತ್ತಿದಂತೆ ಕಾಣಲಿಲ್ಲ. ಅದನ್ನು ಇಲ್ಲಿ ಎತ್ತಬೇಕೆಂದು ನಮಗೆ ತೋರಿದೆ. ಏಕೆಂದರೆ ಮಹಾಲಿನ ಗಾಂಧಿ ಗೇಟಿನ ಸುತ್ತಮುತ್ತ, ಹಾಗೆಯೇ ನಗರದ ಇತರ ಬಡಾವಣೆಗಳಲ್ಲಿ ನಾವು ಬಲ್ಲ ಕನ್ನಡ ಕುಟುಂಬಗಳಲ್ಲಿ ಬ್ಯಾಂಕು, ರೈಲ್ವೆ, ಅಂಚೆ, ವಿಮೆ ಇವುಗಳ ನೌಕರಿಯಲ್ಲಿರುವವರೇ ಹೆಚ್ಚು. ಅವರಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಒಂದಲ್ಲ ಒಂದು ಕಾಲದಲ್ಲಿ ಸುಳಿಯುವ ವಿಚಾರವೆಂದರೆ ಊರಿಗೆ ಮರಳುವುದು.

ಮರಳಲು ನೌಕರಿ ಬಿಡಬೇಕಾಗಿಲ್ಲ. ಅರ್ಜಿ ಕೊಟ್ಟರೆ, ಎರಡು ವರ್ಷವೋ ಐದು ವರ್ಷವೋ ಕಾದ ಮೇಲೆ, ಹುಬ್ಬಳ್ಳಿಗೋ ಬೆಂಗಳೂರಿಗೋ ವರ್ಗವಾಗಬಹುದು. ಆದರೆ ಅರ್ಜಿಯ ಜೊತೆಗೆ ಒಂದು ಮುಚ್ಚಳಿಕೆಗೆ ಸಹಿ ಹಾಕಬೇಕಾಗುತ್ತದೆ: "ಈ ವರ್ಗಾವಣೆ ನನ್ನ ಸ್ವಂತ ಕೋರಿಕೆಯಿಂದ ಆದುದು, ಹೊಸ ಸ್ಥಳದಲ್ಲಿ ನನ್ನ ಜ್ಯೇಷ್ಠತೆಯು ಅಲ್ಲಿ ಈಗಿರುವ ಎಲ್ಲರ ಕೆಳಗೆ ನಿಗದಿಯಾಗುವುದಕ್ಕೆ ನನ್ನ ಒಪ್ಪಿಗೆ ಇದೆ." ಶಬ್ದಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗಬಹುದು, ಅರ್ಥ ಬದಲಾಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಗೆ ವಿವಾಹವಾದ, ನಾಗಪುರದಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ಹುಡುಗಿಯೊಬ್ಬಳು ಇಂಥ ಕಾಗದವನ್ನು ಹಿಡಿದು ನಮ್ಮಲ್ಲಿಗೆ ಬಂದು, "ಸಹಿ ಮಾಡ್ಲೇನ್ರಿ ಕಾಕಾ? ಮಾಡಿದ್ರ ಏನೇನ್ ಹೋಗ್ತದ?" ಎಂದು ಕೇಳಿದ್ದಳು. ಆಗ ಹನ್ನೊಂದು ವರ್ಷಗಳ ಸೇವೆ ಅವಳದು. ಅವಳ ಪ್ರಶ್ನೆಯ ಎರಡನೆಯ ಭಾಗವೇ ಈ ಲೇಖನದ ವಿಷಯ.

ಸೇವಾ ಜ್ಯೇಷ್ಠತೆ ಎಂಬುದನ್ನು ನಾವು ಒಂದೇ ವಸ್ತುವೆಂದು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಮೂರು ಬೇರೆ ಬೇರೆ ಖಾತೆಗಳು. ಮೊದಲನೆಯದು ಸೇವೆಯ ಅವಧಿಯ ಖಾತೆ. ಮೂಲ ವೇತನ, ವಾರ್ಷಿಕ ಬಡ್ತಿ, ರಜೆ, ಉಪದಾನ, ನಿವೃತ್ತಿ ವೇತನ ಇವೆಲ್ಲ ಇದರ ಮೇಲೆ ನಿಂತಿವೆ. ಒಂದೇ ಬ್ಯಾಂಕಿನೊಳಗೆ ರಾಜ್ಯ ಬದಲಾದ ಮಾತ್ರಕ್ಕೆ ಇದರಲ್ಲಿ ಒಂದು ದಿನವೂ ಕಳೆಯುವುದಿಲ್ಲ. ಎಷ್ಟೋ ಜನ ಇದು ಕೂಡ ಹೋಗುವುದೆಂದು ಹೆದರಿ ಅರ್ಜಿಯನ್ನೇ ಕೊಡದೆ ಕುಳಿತಿರುವುದನ್ನು ನಾವು ಕಂಡಿದ್ದೇವೆ. ಆ ಭಯ ನಿರಾಧಾರ. ಎರಡನೆಯದು ಅರ್ಹತೆಯ ಖಾತೆ. ಬಡ್ತಿ ಪರೀಕ್ಷೆಗೆ ಕೂರಲು ಇಷ್ಟು ವರ್ಷಗಳ ಸೇವೆ ಬೇಕು ಎಂದಿರುತ್ತದಲ್ಲ, ಅದು. ಮೂರನೆಯದು ಸರದಿಯ ಖಾತೆ. ಸಹಿಯೊಡನೆ ಹೋಗುವುದು ಇದು.

ಸರದಿ ಹೋದರೆ ಹೋಗುವುದೇನು ಮಹಾ ಎಂದು ಹೊರಗಿನವರು ಕೇಳಬಹುದು. ಗುಮಾಸ್ತ ವರ್ಗದಲ್ಲಿ ಹೆಡ್ ಕ್ಯಾಶಿಯರ್, ಸ್ಪೆಷಲ್ ಅಸಿಸ್ಟೆಂಟ್ ಮೊದಲಾದ ವಿಶೇಷ ಭತ್ಯೆಯ ಕೆಲಸಗಳಿವೆ. ಅವು ಬಹುತೇಕ ಬ್ಯಾಂಕುಗಳಲ್ಲಿ ಊರಿನ ಅಥವಾ ವಲಯದ ಜ್ಯೇಷ್ಠತೆಯ ಪಟ್ಟಿಯನ್ನು ಅನುಸರಿಸಿ ದೊರೆಯುತ್ತವೆ. ಪ್ರತಿ ತಿಂಗಳು ಕೈಗೆ ಬರುವ ಹಣದ ಮಾತು ಅದು. ಇನ್ನೊಂದು, ಯಾವುದಾದರೂ ಶಾಖೆಯಲ್ಲಿ ಸಿಬ್ಬಂದಿ ಹೆಚ್ಚಾಯಿತೆಂದು ನಿರ್ಣಯವಾದಾಗ ಬೇರೆಡೆಗೆ ಕಳುಹಿಸುವುದು ಸಾಮಾನ್ಯವಾಗಿ ಪಟ್ಟಿಯ ಕಟ್ಟಕಡೆಯವರನ್ನು. ಆದ್ದರಿಂದ ಗಂಡನ ಮನೆಯಿರುವ ಊರು ಬೇಕೆಂದು ಬಂದವಳನ್ನೇ ಮೊದಲು ಅರವತ್ತು ಮೈಲಿ ದೂರದ ಶಾಖೆಗೆ ಎತ್ತಿಹಾಕುವ ಸಂಭವ ಹೆಚ್ಚು. ಯಾವ ಕಾರಣಕ್ಕಾಗಿ ಹನ್ನೊಂದು ವರ್ಷಗಳ ಸರದಿಯನ್ನು ಬಿಟ್ಟುಕೊಟ್ಟಳೋ ಆ ಕಾರಣವೇ ಹೀಗೆ ಕೈತಪ್ಪಿಹೋಗಬಹುದು.

ಅಧಿಕಾರಿಗಳ ಸ್ಥಿತಿ ಬೇರೆ. ಅವರ ಜ್ಯೇಷ್ಠತೆಯ ಪಟ್ಟಿ ಅಖಿಲ ಭಾರತ ಮಟ್ಟದ್ದು. ಗುವಾಹಟಿಯಿಂದ ಗದುಗಿಗೆ ಬಂದರೂ ಅವರ ಕ್ರಮಸಂಖ್ಯೆ ಅಲುಗುವುದಿಲ್ಲ. ಎಲ್ಲಿಗೆ ಬೇಕಾದರೂ ಕಳುಹಿಸಬಹುದಾದವನಿಗೆ ಸ್ಥಳಾಂತರ ನಷ್ಟವನ್ನು ತರುವುದಿಲ್ಲ, ಎಲ್ಲಿಗೂ ಕಳುಹಿಸಬಾರದೆಂದು ರಕ್ಷಣೆ ಪಡೆದವನಿಗೆ ಮಾತ್ರ ತರುತ್ತದೆ. ಈ ವಿಚಿತ್ರ ಹೇಗೆ ಬಂತೆಂಬುದನ್ನು ತಿಳಿಯಲು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಖಿಲ ಭಾರತ ಬ್ಯಾಂಕ್ ನೌಕರರ ಸಂಘವು 1946ರ ಏಪ್ರಿಲಿನಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದಾಗ ಬ್ಯಾಂಕುಗಳೆಲ್ಲ ಖಾಸಗಿಯವು. ಸಂಘ ಕಟ್ಟಲು ಮುಂದಾದವನನ್ನು ಭಾಷೆ ಬಾರದ ದೂರದ ಊರಿಗೆ ಎಸೆಯುವುದು ಅಂದಿನ ಮಾಲೀಕರ ಕೈಯಲ್ಲಿದ್ದ ದೊಡ್ಡ ಅಸ್ತ್ರ. 1953ರ ಶಾಸ್ತ್ರಿ ನ್ಯಾಯಮಂಡಲಿಯ ತೀರ್ಪು ಆ ಅಸ್ತ್ರವನ್ನು ಮೊಂಡು ಮಾಡಿತು. ನೌಕರನು ಸೇವೆ ಸಲ್ಲಿಸುತ್ತಿರುವ ರಾಜ್ಯದ ಅಥವಾ ಭಾಷಾ ಪ್ರದೇಶದ ಹೊರಗೆ, ಆತನ ಒಪ್ಪಿಗೆ ಇಲ್ಲದೆ, ಆದಷ್ಟು ಮಟ್ಟಿಗೆ ವರ್ಗ ಮಾಡಬಾರದೆಂದು ಅದು ವಿಧಿಸಿತು. ಜವಾನರ ವಿಷಯದಲ್ಲಂತೂ ಇನ್ನೂ ಬಿಗಿಯಾಗಿ ಹೇಳಿತು. ಅನಂತರ 1962ರ ದೇಸಾಯಿ ತೀರ್ಪು, 1966ರ ಅಕ್ಟೋಬರ್ 19ರ ಮೊದಲ ದ್ವಿಪಕ್ಷೀಯ ಒಪ್ಪಂದ ಬಂದವು. ಇಂದಿಗೂ ಗುಮಾಸ್ತ ವರ್ಗವನ್ನು ಬ್ಯಾಂಕಿನವರು 'ಅವಾರ್ಡ್ ಸ್ಟಾಫ್' ಎಂದು ಕರೆಯುವುದು ಈ ತೀರ್ಪುಗಳಿಂದಾಗಿಯೇ.

ನೌಕರನನ್ನು ಕಾಯಲು ಕಟ್ಟಿದ ಗೋಡೆ ಅದು. ಅದರ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ಗೋಡೆಗೆ ಎರಡು ಮಗ್ಗುಲು. ತೀರ್ಪಿನ ಶಬ್ದವನ್ನು ಗಮನಿಸಿ: "ಸೇವೆ ಸಲ್ಲಿಸುತ್ತಿರುವ" ಭಾಷಾ ಪ್ರದೇಶ. ತಾಯ್ನುಡಿಯ ಪ್ರದೇಶವಲ್ಲ. ಮಹಾಲಿನ ಶಾಖೆಯಲ್ಲಿ ದಿನವಿಡೀ ಮರಾಠಿಯಲ್ಲಿ ವ್ಯವಹರಿಸಿ ಸಂಜೆ ಮನೆಯಲ್ಲಿ ಕನ್ನಡವಾಡುವ ನಮ್ಮಂಥವರ ಭಾಷಾ ಪ್ರದೇಶವು ದಾಖಲೆಯ ಪ್ರಕಾರ ಮರಾಠಿಯೇ. (ನಮ್ಮ ಮರಾಠಿಯಲ್ಲಿ ಧಾರವಾಡದ ಒತ್ತು ಇದೆಯೆಂದು ಗ್ರಾಹಕರು ನಗುವುದುಂಟು, ದಾಖಲೆಗೆ ಅದು ಕೇಳಿಸದು.) 2011ರಿಂದ ಗುಮಾಸ್ತರ ನೇಮಕವು ರಾಜ್ಯವಾರು ಸಾಮಾನ್ಯ ಪರೀಕ್ಷೆಯ ಮೂಲಕ, ಸ್ಥಳೀಯ ಭಾಷೆಯ ಜ್ಞಾನವನ್ನು ಒರೆಗೆ ಹಚ್ಚಿ ನಡೆಯುತ್ತಿದೆ. ಇದು ಸರಿಯಾದ ಕ್ರಮವೆಂದೇ ನಮ್ಮ ಮತ. 2025ರ ಮೇ ತಿಂಗಳಿನಲ್ಲಿ ಆನೇಕಲ್ ತಾಲೂಕಿನ ಶಾಖೆಯೊಂದರಲ್ಲಿ ವ್ಯವಸ್ಥಾಪಕಿಯೊಬ್ಬರು ಕನ್ನಡದಲ್ಲಿ ಮಾತನಾಡಲು ನಿರಾಕರಿಸಿದಾಗ ಎದ್ದ ಕೋಲಾಹಲವನ್ನು ಓದುಗರು ಮರೆತಿರಲಾರರು. ಆದರೆ ಕನ್ನಡ ಬಲ್ಲ ನುರಿತ ಗುಮಾಸ್ತೆಯೊಬ್ಬಳು ಸ್ವಂತ ಇಚ್ಛೆಯಿಂದ ಕರ್ನಾಟಕದ ಕೌಂಟರಿಗೆ ಬರಲು ಸಿದ್ಧಳಿದ್ದರೆ ಅವಳಿಗೆ ದಂಡ ವಿಧಿಸುವುದೂ ಇದೇ ವ್ಯವಸ್ಥೆಯೇ.

ರೈಲ್ವೆಯವರ ನಿಯಮಗಳು ಇನ್ನೂ ನಿಚ್ಚಳವಾಗಿವೆ. ನಾಗಪುರದಲ್ಲಿ ಎರಡು ರೈಲ್ವೆ ವಲಯಗಳ ವಿಭಾಗಗಳಿರುವುದರಿಂದ ಈ ನಿಯಮಗಳು ನಮ್ಮವರ ಮನೆಗಳಲ್ಲಿ ಪಂಚಾಂಗದಷ್ಟೇ ಪರಿಚಿತ. ಭಾರತೀಯ ರೈಲ್ವೆ ಸಿಬ್ಬಂದಿ ಕೈಪಿಡಿಯ 312ನೆಯ ಕಂಡಿಕೆಯಂತೆ, ಸ್ವಂತ ಕೋರಿಕೆಯ ಮೇಲೆ ಒಂದು ರೈಲ್ವೆಯಿಂದ ಇನ್ನೊಂದಕ್ಕೆ ಹೋದವರು ಅಲ್ಲಿನ ಅದೇ ದರ್ಜೆಯ ಕಾಯಂ, ತಾತ್ಕಾಲಿಕ, ಸ್ಥಾನಾಪನ್ನ ನೌಕರರೆಲ್ಲರ ಕೆಳಗೆ ನಿಲ್ಲಬೇಕು. ಹಿಂದೆ ಎಷ್ಟು ವರ್ಷ ದುಡಿದಿದ್ದರೂ ಸರಿಯೆ. 310ನೆಯ ಕಂಡಿಕೆ ಪರಸ್ಪರ ವರ್ಗಾವಣೆಯದು. ಹುಬ್ಬಳ್ಳಿಯಲ್ಲಿರುವ ಒಬ್ಬ ನಾಗಪುರಕ್ಕೆ, ನಾಗಪುರದ ಒಬ್ಬ ಹುಬ್ಬಳ್ಳಿಗೆ ಅದಲುಬದಲಾದರೆ, ತನ್ನ ಜ್ಯೇಷ್ಠತೆ ಮತ್ತು ಎದುರಾಳಿಯ ಜ್ಯೇಷ್ಠತೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದು ದೊರೆಯುತ್ತದೆ. ಆದ್ದರಿಂದ ರೈಲ್ವೆ ವಸಾಹತುಗಳಲ್ಲಿ ವರ ಹುಡುಕುವಷ್ಟೇ ಶ್ರದ್ಧೆಯಿಂದ 'ಮ್ಯೂಚುವಲ್' ಹುಡುಕುತ್ತಾರೆ. ದರ್ಜೆ ಕೂಡಿಬರಬೇಕು, ನೇಮಕದ ವರ್ಷ ಹತ್ತಿರವಿರಬೇಕು, ಇಬ್ಬರಿಗೂ ಮನಸ್ಸಿರಬೇಕು. ಅಂಚೆ ಇಲಾಖೆಯಲ್ಲಿ '38ನೆಯ ನಿಯಮ' ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಕರ್ನಾಟಕ ಸರಕಾರದ 1957ರ ಜ್ಯೇಷ್ಠತಾ ನಿಯಮಗಳಲ್ಲಿಯೂ ಇದೇ ಭೇದವಿದೆ: ಸಾರ್ವಜನಿಕ ಹಿತಕ್ಕಾಗಿ ವರ್ಗವಾದವನ ಜ್ಯೇಷ್ಠತೆ ಉಳಿಯುತ್ತದೆ, ಕೋರಿ ಹೋದವನದು ಅಳಿಯುತ್ತದೆ.

ಈ ಭೇದವನ್ನೇ ನಾವು ಪರಿಶೀಲಿಸಬೇಕಾಗಿದೆ. ಸಂಸ್ಥೆ ತನ್ನ ಅನುಕೂಲಕ್ಕಾಗಿ ಚಲಿಸಿದಾಗಲೆಲ್ಲ ಜ್ಯೇಷ್ಠತೆಯನ್ನು ಹೊತ್ತುಕೊಂಡು ಹೋಗಲು ಮಾರ್ಗ ಹುಡುಕಿದ್ದಾರೆ. ನಾಗಪುರಕ್ಕಿಂತ ಚೆನ್ನಾಗಿ ಇದನ್ನು ಬಲ್ಲ ನಗರ ವಿರಳ. 1956ರ ನವೆಂಬರ್ 1ರಂದು ಈ ಊರು ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತು. ಹಳೆಯ ಮಧ್ಯಪ್ರದೇಶದ ಸಚಿವಾಲಯದ ನೌಕರರು ಹಂಚಿಹೋದರು; ಕೆಲವರು ಭೋಪಾಲಕ್ಕೆ, ಕೆಲವರು ಮುಂಬಯಿ ರಾಜ್ಯಕ್ಕೆ. ಅದೇ ದಿನ ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗಿನ ನೌಕರರು ವಿಶಾಲ ಮೈಸೂರಿನ ನೌಕರರಾದರು. ರಾಜ್ಯ ಪುನರ್ವಿಂಗಡಣಾ ಶಾಸನದ 115ನೆಯ ಕಲಮು, ಕೇಂದ್ರ ಸರಕಾರದ ಪೂರ್ವಾನುಮತಿ ಇಲ್ಲದೆ ಇಂಥವರ ಸೇವಾ ನಿಬಂಧನೆಗಳನ್ನು ಅವರಿಗೆ ಹಾನಿಯಾಗುವಂತೆ ಬದಲಿಸಬಾರದೆಂದು ಕಟ್ಟು ಹಾಕಿತು. ಆದರೂ ಜಗಳಗಳು ಮುಗಿಯಲಿಲ್ಲ. ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ ಕಚೇರಿಯ ನೌಕರರೊಬ್ಬರ ಮೊಕದ್ದಮೆ 1964ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ವಿದರ್ಭದಿಂದ ಬಂದವರನ್ನೂ ಒಳಗೊಂಡ ಮಹಾರಾಷ್ಟ್ರದ ಮಾರಾಟ ತೆರಿಗೆ ಇಲಾಖೆಯವರ ಪ್ರಕರಣ 1981ರವರೆಗೆ ನಡೆಯಿತು. ಬಡ್ತಿಯ ಅವಕಾಶ ಮಾತ್ರವೇ ಸೇವಾ ನಿಬಂಧನೆಯಲ್ಲ ಎಂದು ನ್ಯಾಯಾಲಯ ಹೇಳಿದ್ದು ಇಂಥ ಪ್ರಕರಣಗಳಲ್ಲಿಯೇ. ಕಾಯ್ದೆಯ ದೃಷ್ಟಿಯಿಂದ ಸರಿಯಿರಬಹುದು. ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು ನಿವೃತ್ತನಾದವನಿಗೆ ಅದನ್ನು ವಿವರಿಸಿ ಹೇಳುವುದು ಕಷ್ಟ.

2003ರ ಏಪ್ರಿಲ್ 1ರಂದು ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಕೇಂದ್ರವಾಯಿತು; ಅದೇ ದಿನ ನಾಗಪುರದ ಒಂದು ವಿಭಾಗವು ಹೊಸದಾದ ಆಗ್ನೇಯ ಮಧ್ಯ ರೈಲ್ವೆಗೆ ಸೇರಿತು. ಹೊಸ ಕೇಂದ್ರ ಕಚೇರಿಗಳಿಗೆ ಜನ ಬೇಕಾಗಿತ್ತು. ಇಚ್ಛೆಯುಳ್ಳವರಿಂದ ಒಪ್ಪಿಗೆ ಕೇಳಿ ಕರೆದುಕೊಂಡರು. ಬೇಕಾದಾಗ ದಾರಿ ಇರುತ್ತದೆ. ಇನ್ನು ಬ್ಯಾಂಕುಗಳ ವಿಲೀನ ನಮ್ಮೆಲ್ಲರ ಕಣ್ಣೆದುರಿನದು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು, ಎಲ್ಲವೂ ಏಪ್ರಿಲ್ ಒಂದರಂದೇ, ಹೆಸರಿಲ್ಲದಂತಾದವು. ಸಹಸ್ರಾರು ನೌಕರರು ಒಂದು ರಾತ್ರಿಯಲ್ಲಿ ಮತ್ತೊಂದು ಸಂಸ್ಥೆಯ ನೌಕರರಾದರು. ಅವರ ಹಿಂದಿನ ಸೇವೆಯನ್ನು ಯಾರೂ ಅಳಿಸಲಿಲ್ಲ, ಅವರನ್ನು ಪಟ್ಟಿಯ ತುದಿಗೆ ಒಟ್ಟಾಗಿ ನೂಕಲಿಲ್ಲ. ಎರಡು ಪಟ್ಟಿಗಳನ್ನು ಹೆಣೆಯುವ ಸೂತ್ರಗಳನ್ನು ಮಾಡಿದರು. ಮಣಿಪಾಲದ ಬ್ಯಾಂಕು ಇಡಿಯಾಗಿ ಬೆಂಗಳೂರಿನ ಬ್ಯಾಂಕಿನೊಳಗೆ ಸೇರಿದಾಗ ಸಾಧ್ಯವಾದ ಲೆಕ್ಕಾಚಾರವು ಒಬ್ಬಳು ಗುಮಾಸ್ತೆ ಅದೇ ಬ್ಯಾಂಕಿನ ನಾಗಪುರ ಶಾಖೆಯಿಂದ ಹುಬ್ಬಳ್ಳಿ ಶಾಖೆಗೆ ಬಂದಾಗ ಅಸಾಧ್ಯವಾಗುವುದು ಏತಕ್ಕೆ?

ಇದಕ್ಕೆ ಉತ್ತರ ಇಲ್ಲದಿಲ್ಲ, ಮತ್ತು ಅದು ದುರ್ಬಲವಾದ ಉತ್ತರವೂ ಅಲ್ಲ. ಹುಬ್ಬಳ್ಳಿಯ ಶಾಖೆಯಲ್ಲಿ ಒಂಬತ್ತು ವರ್ಷಗಳಿಂದ ಹೆಡ್ ಕ್ಯಾಶಿಯರ್ ಕೆಲಸಕ್ಕೆ ಕಾದಿರುವ ಒಬ್ಬನಿದ್ದಾನೆ. ಅವನೂ ಸಂಘದ ಸದಸ್ಯನೇ, ಅವನೂ ಚಂದಾ ಕಟ್ಟಿದ್ದಾನೆ. ಹನ್ನೊಂದು ವರ್ಷದವಳು ಹೊರಗಿನಿಂದ ಬಂದು ಅವನ ಮುಂದೆ ನಿಂತರೆ ಅವನ ಪಾಲಿಗೆ ಅದು ಸರದಿ ತಪ್ಪಿಸಿದಂತೆಯೇ. ಅವನಿಗೆ ಅನುಕೂಲವಾದ ಊರುಗಳಿಗೆ ಎಲ್ಲರೂ ನುಗ್ಗುವ ಅಪಾಯವೂ ಇದೆ: ಬೆಂಗಳೂರು, ಮೈಸೂರು, ಪುಣೆಗಳಿಗೆ ಅರ್ಜಿಗಳ ರಾಶಿ ಬೀಳುತ್ತದೆ, ಗಡಚಿರೋಲಿಗೋ ಯಾದಗಿರಿಗೋ ಹೋಗುವೆನೆಂದು ಬರೆದುಕೊಡುವವರು ಎಷ್ಟು ಮಂದಿ? ಆದುದರಿಂದಲೇ ಈ ನಿಯಮವನ್ನು ಆಡಳಿತ ವರ್ಗದ ದಬ್ಬಾಳಿಕೆಯೆಂದು ಬಣ್ಣಿಸುವುದು ಸತ್ಯಕ್ಕೆ ದೂರ. ಇದರ ಹಿಂದೆ ಸ್ಥಳೀಯ ಸದಸ್ಯರ ಸಮ್ಮತಿಯೂ ಇದೆ, ಸಂಘಗಳು ಇದನ್ನು ಕಾಪಾಡಿಕೊಂಡೇ ಬಂದಿವೆ.

ಬೇರೆ ದೇಶಗಳ ಸಂಘಗಳೂ ಇದೇ ಗಂಟನ್ನು ಎದುರಿಸಿವೆ. ಅಮೆರಿಕದ ಅಂಚೆ ಪೇದೆಗಳ ಒಪ್ಪಂದದಲ್ಲಿ ಪರಸ್ಪರ ಅದಲುಬದಲಿನ ನಿಯಮ ನಮ್ಮ ರೈಲ್ವೆಯ 310ನೆಯ ಕಂಡಿಕೆಯ ಅವಳಿಯಂತಿದೆ: ತನ್ನದು ಅಥವಾ ಎದುರಿನವನದು, ಎರಡರಲ್ಲಿ ಕಿರಿದಾದುದು. ಸಮುದ್ರದಾಚೆಯ ಎರಡು ಕಚೇರಿಗಳು ಒಂದನ್ನೊಂದು ಕೇಳದೆ ಒಂದೇ ತೀರ್ಮಾನಕ್ಕೆ ಬಂದಿರಬೇಕು. ಅಲ್ಲಿನ ಅನೇಕ ಸಂಘಟಿತ ಉದ್ಯಮಗಳು ಎರಡು ಜ್ಯೇಷ್ಠತೆಗಳನ್ನು ಬೇರೆಬೇರೆಯಾಗಿಯೇ ಬರೆದಿಡುತ್ತವೆ. ರಜೆ ಮತ್ತು ನಿವೃತ್ತಿಗೆ ಕಂಪನಿಯ ಜ್ಯೇಷ್ಠತೆ, ಪಾಳಿ ಮತ್ತು ಕೆಲಸದ ಆಯ್ಕೆಗೆ ಸ್ಥಳದ ಜ್ಯೇಷ್ಠತೆ. ಅಲ್ಲಿಯ ಕಾರ್ಮಿಕನಿಗೆ ತಾನು ಬಿಟ್ಟುಕೊಡುವುದು ಯಾವುದೆಂಬುದು ಒಪ್ಪಂದದಲ್ಲಿ ಓದಿದರೆ ತಿಳಿಯುತ್ತದೆ. ನಮ್ಮಲ್ಲಿ ಮುಚ್ಚಳಿಕೆಯ ಒಂದೇ ಸಾಲಿನಲ್ಲಿ 'ಜ್ಯೇಷ್ಠತೆ' ಎಂದು ಬರೆದು ಕೈಬಿಡುತ್ತಾರೆ. ಎರಡನೆಯ ಖಾತೆ, ಅರ್ಹತೆಯ ಖಾತೆ, ಉಳಿಯಿತೋ ಹೋಯಿತೋ ಎಂಬುದು ಬಡ್ತಿಯ ಪ್ರಕಟಣೆ ಬರುವವರೆಗೆ ತಿಳಿಯುವುದಿಲ್ಲ.

ಈ ಎರಡನೆಯ ಖಾತೆಯ ವಿಷಯದಲ್ಲಿ ನ್ಯಾಯಾಲಯಗಳು ನೌಕರನ ಪರವಾಗಿ ನಿಂತಿವೆ. ಕೇಂದ್ರ ಸರಕಾರದ ನೌಕರರ ಎರಡು ಪ್ರಕರಣಗಳಲ್ಲಿ, 1994 ಮತ್ತು 1996ರಲ್ಲಿ ವರದಿಯಾದ ತೀರ್ಪುಗಳ ಮೂಲಕ, ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟವಾಗಿ ಹೇಳಿದೆ: ಕೋರಿಕೆಯ ಮೇಲೆ ಹೋದವನು ಪಟ್ಟಿಯ ಕೆಳಗೆ ನಿಂತರೂ ಆತನ ಹಿಂದಿನ ಸೇವೆ ಅಳಿದುಹೋಗುವುದಿಲ್ಲ, ಬಡ್ತಿಗೆ ಬೇಕಾದ ಅನುಭವದ ಲೆಕ್ಕದಲ್ಲಿ ಅದನ್ನು ಸೇರಿಸಲೇಬೇಕು. ಸರದಿಯೇ ಬೇರೆ, ಅರ್ಹತೆಯೇ ಬೇರೆ. ಮುಚ್ಚಳಿಕೆಗೆ ಸಹಿ ಹಾಕುವ ನಮ್ಮವರು ಈ ಭೇದವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

2022ರ ಮಾರ್ಚ್ 10ರ ತೀರ್ಪು ಇನ್ನೊಂದು ಬಾಗಿಲನ್ನು ತೆರೆಯಿತು. ಕೇಂದ್ರ ಪರೋಕ್ಷ ತೆರಿಗೆ ಮಂಡಲಿಯು 2018ರ ಸೆಪ್ಟೆಂಬರಿನ ಸುತ್ತೋಲೆಯ ಮೂಲಕ ಒಂದು ಆಯುಕ್ತಾಲಯದ ಪಟ್ಟಿಯಿಂದ ಇನ್ನೊಂದಕ್ಕೆ ಕೋರಿ ಹೋಗುವ ಪದ್ಧತಿಯನ್ನೇ ನಿಲ್ಲಿಸಿತ್ತು. ಪಟ್ಟಿಯ ತಳಕ್ಕೆ ಹೋಗಲು ಸಿದ್ಧರಿದ್ದವರಿಗೂ ದಾರಿ ಮುಚ್ಚಿತು. ಸರ್ವೋಚ್ಚ ನ್ಯಾಯಾಲಯವು ನೇಮಕಾತಿ ನಿಯಮಗಳಲ್ಲಿ ಅವಕಾಶವಿಲ್ಲವೆಂಬ ಕಾರಣಕ್ಕೆ ಸುತ್ತೋಲೆಯನ್ನು ಎತ್ತಿಹಿಡಿಯಿತಾದರೂ, ಪತಿ–ಪತ್ನಿಯರು ಒಂದೆಡೆ ಇರುವ ಅಗತ್ಯ, ಅಂಗವಿಕಲರ ಸ್ಥಿತಿ, ಕಾರುಣ್ಯದ ಸಂದರ್ಭ ಇವುಗಳನ್ನು ಪರಿಗಣಿಸಿ ನೀತಿಯನ್ನು ಮರುಪರಿಶೀಲಿಸಬೇಕೆಂದು ಹೇಳಿತು. ಕುಟುಂಬದ ಭಾರವನ್ನು ಹೆಚ್ಚಾಗಿ ಹೊರುವವರು ಮಹಿಳೆಯರು ಎಂಬುದನ್ನೂ ಗುರುತಿಸಿತು.

ನಮ್ಮ ದೃಷ್ಟಿಯಲ್ಲಿ ವಿಷಯದ ತಿರುಳು ಇಲ್ಲಿದೆ. 'ಸ್ವಂತ ಕೋರಿಕೆ' ಎಂಬ ಶಬ್ದ ಗಂಡಿಗೂ ಹೆಣ್ಣಿಗೂ ಒಂದೇ ಆಗಿ ಕಂಡರೂ ಒಂದೇ ಅಲ್ಲ. ಮದುವೆಯಾದ ಮೇಲೆ ಊರು ಬಿಡುವವರು ಯಾರು? ಅತ್ತೆ ಮಾವಂದಿರಲ್ಲಿ ಯಾರಿಗಾದರೂ ಪಾರ್ಶ್ವವಾಯು ಬಡಿದರೆ ನೌಕರಿಯ ಊರನ್ನು ಬದಲಿಸಬೇಕೆಂಬ ನಿರೀಕ್ಷೆ ಯಾರ ಮೇಲೆ? ಹಣಕಾಸು ಸೇವೆಗಳ ಇಲಾಖೆಯು 2014ರ ಆಗಸ್ಟ್ 8ರಂದೇ, ವಿವಾಹಿತ ಮಹಿಳೆಯರನ್ನು ಕೋರಿಕೆಯ ಮೇರೆಗೆ ಪತಿ ಇರುವ ಊರಿಗೆ, ಅವಿವಾಹಿತರನ್ನು ತಂದೆತಾಯಿಗಳ ಊರಿಗೆ, ಅಥವಾ ಅವುಗಳ ಸಮೀಪಕ್ಕೆ ಕಳುಹಿಸುವ ನೀತಿಯನ್ನು ರೂಪಿಸುವಂತೆ ಬ್ಯಾಂಕುಗಳಿಗೆ ತಿಳಿಸಿತ್ತು. ವರ್ಗಾವಣೆಯಾಗಬೇಕು ಎಂಬುದು ಇಲ್ಲಿದೆ, ವರ್ಗವಾದ ಮೇಲೆ ಸರದಿ ಏನಾಗಬೇಕೆಂಬ ಮಾತಿಲ್ಲ. ಹೀಗಾಗಿ ಔದಾರ್ಯ ಸರಕಾರದ್ದು, ಬೆಲೆ ತೆರುವುದು ಅವಳದು.

ಹಾಗಾದರೆ ಹುಬ್ಬಳ್ಳಿಯ ಒಂಬತ್ತು ವರ್ಷದವನನ್ನು ಏನು ಮಾಡಬೇಕು? ಅವನನ್ನು ತುಳಿಯದೆಯೂ ದಾರಿಯಿದೆಯೆಂದು ನಾವು ನಂಬುತ್ತೇವೆ. ಬಂದವಳು ಬಂದ ದಿನ ಪಟ್ಟಿಯ ಕೆಳಗೇ ನಿಲ್ಲಲಿ. ಅಂದು ಅಲ್ಲಿರುವವರ ಪೈಕಿ ಯಾರ ಭತ್ಯೆಯೂ ಕೆಡುವುದು ಬೇಡ. ಆದರೆ ಕಾರಣವು ವಿವಾಹ, ಪತಿ ಅಥವಾ ಪತ್ನಿಯ ಮರಣ, ಗಂಭೀರ ಕಾಯಿಲೆ, ಅವಲಂಬಿತರ ಅಂಗವೈಕಲ್ಯ ಇವುಗಳಲ್ಲೊಂದಾಗಿದ್ದರೆ, ಐದು ವರ್ಷಗಳ ಅನಂತರ ಆಕೆಯ ಮೂಲ ನೇಮಕದ ದಿನಾಂಕ ಪುನಃ ಜೀವ ತಳೆಯಲಿ. ಐದು ವರ್ಷಗಳಲ್ಲಿ ಒಂಬತ್ತು ವರ್ಷದವನ ಸರದಿ ಬಂದಿರುತ್ತದೆ. ಬಂದಿಲ್ಲವಾದರೆ ಅದಕ್ಕೆ ಕಾರಣ ಖಾಲಿ ಹುದ್ದೆಗಳನ್ನು ತುಂಬದಿರುವುದು, ನಾಗಪುರದಿಂದ ಬಂದವಳಲ್ಲ. ಸಿಬ್ಬಂದಿ ಹೆಚ್ಚಾದಾಗ ಮೊದಲು ಎತ್ತಿಹಾಕುವ ಪಟ್ಟಿಯಿಂದ ಇಂಥವರನ್ನು ಆ ಐದು ವರ್ಷಗಳ ಮಟ್ಟಿಗೆ ಹೊರಗಿಡುವುದಂತೂ ಯಾರಿಗೂ ದೊಡ್ಡ ನಷ್ಟವಲ್ಲ. ಕೇವಲ ಊರಿನ ಮೋಹಕ್ಕಾಗಿ ಹೋಗುವವರಿಗೆ (ನಮ್ಮಲ್ಲಿ ಅನೇಕರು ಆ ಪೈಕಿಯವರೇ) ಇಂದಿನ ನಿಯಮವೇ ಇರಲಿ. ಮೋಹಕ್ಕೆ ಬೆಲೆ ಕೊಡುವುದು ನ್ಯಾಯವೇ.

ಹೊಸ ಕಾಯ್ದೆಗಳಿಂದ ಏನಾದರೂ ಸಹಾಯವಾದೀತೇ? 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಆಡಳಿತ ನೀತಿಯ ನೆವದಲ್ಲಿ ದುರುದ್ದೇಶದಿಂದ ನೌಕರನನ್ನು ವರ್ಗ ಮಾಡುವುದು ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದಂತೆಯೇ ಹೊಸ ಸಂಹಿತೆಯಲ್ಲಿಯೂ ಅನುಚಿತ ಕಾರ್ಮಿಕ ಪದ್ಧತಿಯೆನಿಸಿದೆ. ಬೇಡದ ವರ್ಗಾವಣೆಗೆ ಕಾನೂನಿನಲ್ಲಿ ಹೆಸರಿದೆ, ಬೇಕಾದ ವರ್ಗಾವಣೆಗೆ ಇಲ್ಲ. ಶೇಕಡಾ 51ರಷ್ಟು ಸದಸ್ಯರಿರುವ ಸಂಘವೇ ಮಾತುಕತೆಯ ಏಕೈಕ ಅಧಿಕಾರಿಯಾಗುವುದೆಂಬ ಹೊಸ ನಿಯಮದಿಂದ, ಹೊರರಾಜ್ಯದ ನುಡಿಯವರಂಥ ಸಣ್ಣ ಗುಂಪುಗಳ ಅಳಲು ಮೇಜಿನವರೆಗೆ ತಲುಪುವುದು ಇನ್ನಷ್ಟು ಕಷ್ಟವಾದೀತೆಂಬ ಶಂಕೆ ನಮಗಿದೆ. ಆದ್ದರಿಂದ ದಾರಿ ಕಾಯ್ದೆಯದಲ್ಲ, ಒಪ್ಪಂದದ್ದು.

2024ರ ಮಾರ್ಚ್ 8ರಂದು ಸಹಿಯಾದ ಹನ್ನೆರಡನೆಯ ದ್ವಿಪಕ್ಷೀಯ ಒಪ್ಪಂದದ ಅವಧಿ 2027ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಮುಂದಿನ ಬೇಡಿಕೆಪಟ್ಟಿಗಳು ಅದಕ್ಕೆ ಬಹಳ ಮೊದಲೇ ಶಾಖಾ ಮಟ್ಟದಿಂದ ಮೇಲಕ್ಕೆ ಹೋಗುತ್ತವೆ. ವೇತನದ ಶೇಕಡಾವಾರು ಹೆಚ್ಚಳದ ಬಗ್ಗೆ ಬರೆಯಲು ಲಕ್ಷಾಂತರ ಜನರಿದ್ದಾರೆ; ಈ ಒಂದು ಅಂಶವನ್ನು ನಾವೇ ಬರೆಯಬೇಕಾದೀತು. ನಾಗಪುರದಲ್ಲಾಗಲಿ ಮುಂಬಯಿ, ಸೊಲ್ಲಾಪುರ, ಹೈದರಾಬಾದುಗಳಲ್ಲಾಗಲಿ ಬ್ಯಾಂಕಿನಲ್ಲಿರುವ ಕನ್ನಡ ಬಂಧುಗಳು ತಮ್ಮ ಸಂಘದ ಕಾರ್ಯದರ್ಶಿಗಳಿಗೆ ಸಲ್ಲಿಸುವ ಪತ್ರದಲ್ಲಿ ಸರದಿ, ಅರ್ಹತೆ, ಸೇವಾವಧಿ ಈ ಮೂರನ್ನೂ ಬೇರೆಬೇರೆಯಾಗಿ ಹೆಸರಿಸಿ ಬರೆಯಲಿ, ತಾವು ಸಹಿ ಮಾಡಿದ ಮುಚ್ಚಳಿಕೆಯ ಪ್ರತಿಯನ್ನೂ ಲಗತ್ತಿಸಲಿ. ಪ್ರತಿಯನ್ನೇ ಇಟ್ಟುಕೊಳ್ಳದೆ ಸಹಿ ಮಾಡಿಕೊಟ್ಟವರು ಮೊದಲು ತಮ್ಮ ಸಿಬ್ಬಂದಿ ವಿಭಾಗದಿಂದ ಅದನ್ನು ಕೇಳಿ ತರಿಸಿಕೊಳ್ಳಬೇಕು. ಹುಬ್ಬಳ್ಳಿಗೆ ಹೋದ ನಮ್ಮ ಹುಡುಗಿಯ ಬಳಿ ಪ್ರತಿ ಇದೆ. ಅವಳ ಬಡ್ತಿ ಪರೀಕ್ಷೆಯ ಅರ್ಜಿಯಲ್ಲಿ ಹಿಂದಿನ ಹನ್ನೊಂದು ವರ್ಷಗಳನ್ನು ಸೇರಿಸಿಯೇ ಬರೆಯುವಂತೆ ಹೇಳಿದ್ದೇವೆ. ಅರ್ಜಿ ಈಗ ಕೇಂದ್ರ ಕಚೇರಿಯಲ್ಲಿದೆ.